ಶಿಶುಗಳ ಮಾತಿನ ಲ್ಯಾಬು: ಮಗಳನ್ನು ಎರಡು ಸಲ ಕರೆದುಕೊಂಡು ಹೋದ ಮೇಲೆ

ಮಗಳಿಗೆ 7 ತಿಂಗಳಾಗಿದ್ದಾಗ ಒಂದು ಸಲ, 11 ತಿಂಗಳಿಗೆ ಇನ್ನೊಂದು ಸಲ ಈ ಲ್ಯಾಬಿಗೆ ಹೋಗಿ ಬಂದೆವು. ಮಾತು ಕಿವಿಗೆ ಬಿದ್ದಾಗ ಕೂಸಿನ ಮಿದುಳು ಏನು ಮಾಡುತ್ತದೆ, ಆಮೇಲೆ ಅದೇ ಕೂಸು ಬೆರಳು ತೋರಿಸುವುದಕ್ಕೂ ತೊದಲುವುದಕ್ಕೂ ಮಾತಾಡುವುದಕ್ಕೂ ಇದಕ್ಕೂ ಏನು ಸಂಬಂಧ ಎಂದು ನೋಡುವ ಜಾಗ ಅದು. 18 ತಿಂಗಳಿಗೆ ಮನೆಗೇ ಒಂದು ಫಾರ್ಮ್ ಬಂತು, ಹೋದ ವಾರ ತುಂಬಿ ಕಳಿಸಿದೆ. ಹೋಗುವ ಮುಂಚೆ ಬೇರೆ ಅಪ್ಪ ಅಮ್ಮಂದಿರು ಏನಾದರೂ ಬರೆದಿದ್ದಾರಾ ಎಂದು ತುಂಬಾ ಹುಡುಕಿದ್ದೆ. ಕನ್ನಡದಲ್ಲಿ ನನ್ನ ಕಣ್ಣಿಗೆ ಒಂದೂ ಬೀಳಲಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: 5ಕ್ಕೆ 4. ಒಂದು ಅಂಕ ಯಾಕೆ ಕಳೆದೆ ಎಂದು ಮುಂದೆ ಹೇಳುತ್ತೇನೆ. ಇನ್ನೊಂದು ಮಾತು. ನಿಮ್ಮ ಮಗುವಿಗೆ ಮಾತು ಬೇಗ ಬರುತ್ತಾ, ತಡವಾಗುತ್ತಾ ಎಂದು ತಿಳಿಯೋದಕ್ಕೆ ಹೋಗುವುದಾದರೆ ದಯವಿಟ್ಟು ಹೋಗಬೇಡಿ. ನಾನು ಹೋಗಿದ್ದು ಅದಕ್ಕೇ. ಆ ಉತ್ತರ ಅಲ್ಲಿ ಸಿಗುವುದಿಲ್ಲ. ಯಾಕೆ ಸಿಗುವುದಿಲ್ಲ ಎಂದು ಅರ್ಥವಾಗಲು ನನಗೆ ನಾಲ್ಕು ತಿಂಗಳು ಬೇಕಾಯಿತು.

ಅಲ್ಲಿ ಮಾಡುವುದು ಇಇಜಿ, ಅಂದರೆ ತಲೆಗೆ ಟೋಪಿ ಹಾಕಿ ಮಿದುಳಿನ ಅಲೆಗಳನ್ನು ದಾಖಲಿಸುವುದು. ಇಇಜಿ ಅಂದ ತಕ್ಷಣ ತುಂಬಾ ಜನ ಗಾಬರಿ ಆಗುತ್ತಾರೆ, ನಮ್ಮ ಮನೆಯಲ್ಲೂ ಆಯಿತು. ತಲೆಗೆ ಕರೆಂಟು ಕೊಡುತ್ತಾರಾ ಅಂತ. ಇಲ್ಲ. ಏನೂ ಒಳಗೆ ಹೋಗುವುದಿಲ್ಲ. ಮಿದುಳಿನ ಜೀವಕೋಶಗಳು ಒಟ್ಟಿಗೆ ಕೆಲಸ ಮಾಡುವಾಗ ಹುಟ್ಟುವ ಪುಟಾಣಿ ವಿದ್ಯುತ್ತು ನೆತ್ತಿಯ ಚರ್ಮದವರೆಗೂ ಬರುತ್ತದೆ, ವೋಲ್ಟಿನ ಹತ್ತು ಲಕ್ಷದ ಒಂದು ಪಾಲಿನ ಲೆಕ್ಕದಲ್ಲಿ ಅಳೆಯುವಷ್ಟು ಸಣ್ಣದು, ಅದನ್ನು ಹೊರಗಿನಿಂದ ಹಿಡಿಯುತ್ತಾರೆ, ಅಷ್ಟೇ. ಹ್ಯಾನ್ಸ್ ಬರ್ಗರ್ ಎಂಬ ಜರ್ಮನ್ ವೈದ್ಯ ಮನುಷ್ಯರ ಮಿದುಳಿನ ಅಲೆಯನ್ನು ಮೊದಲು ದಾಖಲಿಸಿದ್ದು 1924ರಲ್ಲಿ. ನೂರು ವರ್ಷ ಹಳೆಯ ವಿದ್ಯೆ ಇದು.

ಟೋಪಿ ಬಲೆಯ ಹಾಗಿರುತ್ತದೆ. ದಾರದಂಥ ವೈರುಗಳ ಗಂಟು ಗಂಟಿನಲ್ಲೂ ಕಡಲೆಕಾಳಿನಷ್ಟು ದೊಡ್ಡ ಸ್ಪಂಜು. ಅದನ್ನು ಉಗುರುಬೆಚ್ಚಗಿನ ಉಪ್ಪು ನೀರಿನಲ್ಲಿ ಅದ್ದಿ ತೆಗೆಯುತ್ತಾರೆ, ಒದ್ದೆ ಇದ್ದರೇನೇ ವಿದ್ಯುತ್ತು ಹರಿಯೋದು. ಒಬ್ಬ ಹುಡುಗಿ ಮಗಳ ಮುಂದೆ ಕೂತು ಸೋಪಿನ ಗುಳ್ಳೆ ಊದುತ್ತಿದ್ದಳು. ಮಗಳು ತಲೆ ಎತ್ತಿ ಗುಳ್ಳೆ ನೋಡುತ್ತಿದ್ದ ಆ ಎರಡೇ ಕ್ಷಣದಲ್ಲಿ ಇನ್ನೊಬ್ಬರು ಹಿಂದಿನಿಂದ ಟೋಪಿ ಹಾಕಿ ಗದ್ದದ ಕೆಳಗೆ ಪಟ್ಟಿ ಬಿಗಿದೇಬಿಟ್ಟರು. ಒಂದು ಹನಿ ನೀರು ಅವಳ ಕಿವಿಯ ಹಿಂದಿನಿಂದ ಇಳಿದು ಕತ್ತಿಗೆ ಬಂತು. ಹೆಗಲು ಮೇಲೆತ್ತಿದಳು, ನನ್ನ ಕಡೆ ತಿರುಗಿದಳು, ತುಟಿ ಅಳುವ ಆಕಾರಕ್ಕೆ ಬಂತು. ಅಷ್ಟರಲ್ಲಿ ಇನ್ನೊಂದು ಗುಳ್ಳೆ ಮೂಗಿನ ಹತ್ತಿರವೇ ಒಡೆಯಿತು. ಅಳು ಅಲ್ಲಿಗೇ ನಿಂತಿತು. ಮಕ್ಕಳ ಜೊತೆ ದಿನವೂ ಕೆಲಸ ಮಾಡುವವರ ಕೈ ಹೇಗಿರುತ್ತದೆ ಎಂದು ಅವತ್ತು ಕಂಡೆ. 5ರಲ್ಲಿ 2 ಅಂಕ ಆ ಇಬ್ಬರಿಗೇ ಹೋಗಬೇಕು.

ಆಮೇಲೆ ಮಬ್ಬು ಬೆಳಕಿನ ಸಣ್ಣ ಕೋಣೆ. ಮಗಳು ನನ್ನ ತೊಡೆ ಮೇಲೆ. ಎದುರಿಗೆ ಪರದೆಯಲ್ಲಿ ಬಣ್ಣದ ಚಿತ್ರಗಳು ಸದ್ದಿಲ್ಲದೆ ಓಡುತ್ತಿದ್ದವು. ಸ್ಪೀಕರಿನಿಂದ ಒಂದೇ ಸಮನೆ 'ತ ತ ತ ತ ತ', ಮಧ್ಯೆ ಎಲ್ಲೋ ಒಂದು 'ಟ', ಮತ್ತೆ 'ತ ತ ತ'. ಇದು ನನಗೆ ಆಮೇಲೆ ಹೇಳಿದ್ದು. ಆಗ ನನ್ನ ಕಿವಿಗೆ ಹೆಡ್‌ಫೋನ್ ಹಾಕಿ ಸಂಗೀತ ಕೇಳಿಸುತ್ತಿದ್ದರು. ಯಾಕೆಂದು ಕೇಳಿದೆ. ನನಗೂ ಆ ಸದ್ದು ಕೇಳಿಸಿದರೆ 'ಟ' ಬಂದಾಗ ನನಗೇ ಗೊತ್ತಾಗದ ಹಾಗೆ ತೊಡೆಯೋ ಉಸಿರೋ ಸ್ವಲ್ಪ ಬದಲಾಗಬಹುದಂತೆ, ಮಗು ಅದನ್ನು ಹಿಡಿದುಬಿಡುತ್ತದಂತೆ. ಇಷ್ಟು ಸೂಕ್ಷ್ಮವಾಗಿ ಯೋಚಿಸಿದ್ದಾರಲ್ಲ ಎಂದು ಮನಸ್ಸಿಗೆ ನಂಬಿಕೆ ಬಂತು.

ಇದರ ಹಿಂದಿನ ಯೋಚನೆ ಸರಳ. ಒಂದೇ ಸದ್ದು ಮತ್ತೆ ಮತ್ತೆ ಬಂದರೆ ಮಿದುಳಿಗೆ ಅದು ಅಭ್ಯಾಸವಾಗುತ್ತದೆ. ನಡುವೆ ಬೇರೆಯದು ಬಂದಾಗ, ಆ ಬದಲಾವಣೆ ಮಿದುಳಿಗೆ ಗೊತ್ತಾದರೆ, ಅಲೆಯ ಆಕಾರ ಬೇರೆಯಾಗುತ್ತದೆ. ಮಿಸ್‌ಮ್ಯಾಚ್ ರೆಸ್ಪಾನ್ಸ್ ಅನ್ನುತ್ತಾರೆ. ಮಗು ತಲೆ ತಿರುಗಿಸಬೇಕಿಲ್ಲ, ಗಮನ ಕೊಟ್ಟು ಕೇಳಬೇಕಿಲ್ಲ, ನಿದ್ದೆಯಲ್ಲೂ ಇದು ಸಿಗುತ್ತದೆ. ಮೊದಲೆಲ್ಲ ಇದನ್ನು ಮಗುವಿನ ನಡವಳಿಕೆಯಿಂದಲೇ ಊಹಿಸಬೇಕಿತ್ತು. 1971ರಲ್ಲಿ ಪೀಟರ್ ಐಮಾಸ್ ಮತ್ತು ಜೊತೆಯವರು 1 ತಿಂಗಳ, 4 ತಿಂಗಳ ಕೂಸುಗಳ ಬಾಯಿಗೆ ನಿಪ್ಪಲ್ ಕೊಟ್ಟು, ಸದ್ದು ಬದಲಾದಾಗ ಚೀಪುವ ವೇಗ ಹೆಚ್ಚುತ್ತದಾ ಎಂದು ಎಣಿಸಿದ್ದರು. ಹೆಚ್ಚಿತು. 'ಬ'ಗೂ 'ಪ'ಗೂ ಇರುವ ವ್ಯತ್ಯಾಸ ಆ ವಯಸ್ಸಿಗೇ ಗೊತ್ತಾಗುತ್ತಿತ್ತು.

ನಮ್ಮ 'ತ' ಮತ್ತು 'ಟ'ಗೆ ಈ ವಿಷಯದಲ್ಲಿ ದೊಡ್ಡ ಹೆಸರೇ ಇದೆ, ನನಗೆ ಗೊತ್ತೇ ಇರಲಿಲ್ಲ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ಇದೇ ಎರಡು ಸದ್ದು ಕೇಳಿಸಿದ್ದರು. 6ರಿಂದ 8 ತಿಂಗಳಿನ ಮಕ್ಕಳಲ್ಲಿ ಹೆಚ್ಚಿನವರು ಎರಡನ್ನೂ ಬೇರೆ ಬೇರೆ ಎಂದು ಗುರುತಿಸಿದರು. ಇಂಗ್ಲಿಷ್ ಮಾತ್ರ ಬಲ್ಲ ದೊಡ್ಡವರಿಗೆ ಅದು ಬಲು ಕಷ್ಟ. 10ರಿಂದ 12 ತಿಂಗಳ ಹೊತ್ತಿಗೆ ಇಂಗ್ಲಿಷ್ ಮನೆಯ ಮಕ್ಕಳಲ್ಲೂ ಆ ಗುರುತಿಸುವ ಶಕ್ತಿ ಹೋಗಿಬಿಟ್ಟಿತ್ತು. ಹಿಂದಿ ಮನೆಯ ಮಕ್ಕಳಲ್ಲಿ ಮಾತ್ರ ಉಳಿದಿತ್ತು. 'ತಟ್ಟೆ' ಅನ್ನುವಾಗ ನಾಲಿಗೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ಹೇಳಿ ನೋಡಿ, ಮೊದಲು ಹಲ್ಲಿನ ಹಿಂದೆ, ಆಮೇಲೆ ಮಡಚಿಕೊಂಡು ಮೇಲಕ್ಕೆ. ಇಷ್ಟು ಚಿಕ್ಕ ಅಂತರವನ್ನು ಮಾತೇ ಬರದ ಕೂಸು ಕಿವಿಯಲ್ಲೇ ಅಳೆಯುತ್ತದೆ. ಇದನ್ನು ಕೇಳಿದ ದಿನ ಮನೆಗೆ ಬಂದು ಮಗಳಿಗೆ ಎಷ್ಟು ಸಲ 'ತಟ್ಟೆ' ಅಂದೆನೋ ಲೆಕ್ಕವಿಲ್ಲ.

ಈಗ ನಾನು ಎಡವಿದ ವಿಷಯ. ನಮಗೆ ಎರಡು ಜೋಡಿ ಸದ್ದು ಕೇಳಿಸಿದ್ದರು. ಒಂದು ನಮ್ಮ ಭಾಷೆಯದು, ಇನ್ನೊಂದು ನಾವು ಯಾರೂ ಆಡದ ಭಾಷೆಯದು. ಎರಡನ್ನೂ ಚೆನ್ನಾಗಿ ಹಿಡಿದರೆ ಮಗು ಚುರುಕು ಎಂದು ನಾನು ಅಂದುಕೊಂಡಿದ್ದೆ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ, ಅಲ್ವಾ? ಆದರೆ ಪೆಟ್ರೀಶಿಯಾ ಕೂಲ್ ಮತ್ತು ಅವರ ತಂಡ ಏಳೂವರೆ ತಿಂಗಳಿನ ಮಕ್ಕಳಲ್ಲಿ ಕಂಡದ್ದು ಬೇರೆಯೇ. ತಮ್ಮ ಭಾಷೆಯ ಸದ್ದಿಗೆ ಮಿದುಳು ಸ್ಪಷ್ಟವಾಗಿ ಸ್ಪಂದಿಸಿದ ಮಕ್ಕಳು ಮುಂದೆ ಪದಗಳನ್ನು ಬೇಗ ಕಲಿಯುತ್ತಾ ಹೋದರು. ಹೊರಗಿನ ಭಾಷೆಯ ಸದ್ದಿಗೆ ಜಾಸ್ತಿ ಸ್ಪಂದಿಸಿದ ಮಕ್ಕಳಲ್ಲಿ ಪದ ಕಲಿಕೆ ನಿಧಾನವಾಗಿತ್ತು. ಕಿವಿ ಎಲ್ಲ ಸದ್ದಿಗೂ ಒಂದೇ ಸಮ ತೆರೆದಿದ್ದರೆ ಸಾಲದು, ಸುತ್ತಲಿನ ಮಾತಿನ ಕಡೆ ವಾಲಿಕೊಳ್ಳಬೇಕು, ಹಾಗೆ ವಾಲಿಕೊಂಡ ಮೇಲೆಯೇ ಆ ಸದ್ದುಗಳಿಂದ ಪದಗಳನ್ನು ಬಿಡಿಸಿಕೊಳ್ಳುವುದು ಸುಲಭವಾಗುತ್ತದೆ ಎಂಬುದು ಅವರ ವಿವರಣೆ. ನನಗೆ ಈ ಮಾತು ತುಂಬಾ ಹಿಡಿಸಿತು. ಮಗು ಬೆಳೆಯುವುದು ಅಂದರೆ ಕೂಡಿಸಿಕೊಳ್ಳುತ್ತಾ ಹೋಗುವುದು ಎಂದೇ ಇಷ್ಟು ದಿನ ಅಂದುಕೊಂಡಿದ್ದೆ. ಇಲ್ಲಿ ನೋಡಿದರೆ ಕೆಲವನ್ನು ಬಿಡುತ್ತಾ ಹೋಗುವುದೂ ಕಲಿಕೆಯೇ.

ಮನೆಯಲ್ಲಿ ಎರಡು ಭಾಷೆ ಇದ್ದರೆ? ನಾನು ಕೇಳಿದ ಮೊದಲ ಪ್ರಶ್ನೆಯೇ ಅದು. ಅಂಥ ಮಕ್ಕಳ ಮಿದುಳು ಈ ವಾಲುವಿಕೆಯನ್ನು ಬೇರೆ ವೇಳಾಪಟ್ಟಿಯಲ್ಲಿ ಮಾಡಿಕೊಳ್ಳಬಹುದು, ಒಂದೇ ಭಾಷೆಯ ಮಗುವಿನ ಪಕ್ಕ ಇಟ್ಟು ತಡ ಅನ್ನಬಾರದು ಎಂದರು. ಎರಡು ಭಾಷೆ ಆಡಿದರೆ ಮಗುವಿಗೆ ಗೊಂದಲವಾಗುತ್ತದೆ ಎಂದು ಯಾರಾದರೂ ನಿಮಗೆ ಹೇಳಿದ್ದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಇನ್ನು ಕಳೆದ ಆ ಒಂದು ಅಂಕ.

ಮೊದಲ ಭೇಟಿ ಆದ ಮೂರು ವಾರಕ್ಕೆ ಒಂದು ಪತ್ರ ಬಂತು. ಒಂದು ಗ್ರಾಫು, ಅದರ ಕೆಳಗೆ ಒಂದೇ ಸಾಲು: ದಾಖಲೆ ಭಾಗಶಃ ಮಾತ್ರ ಬಳಕೆಗೆ ಯೋಗ್ಯ. ಅಷ್ಟೇ. ರಾತ್ರಿ ಮಗಳು ಮಲಗಿದ ಮೇಲೆ ಆ ಕಾಗದ ಹಿಡಿದು ಕೂತಿದ್ದೆ. ಎರಡು ಗೆರೆಗಳು, ಒಂದು ಕಡೆ ಒಂದರ ಮೇಲೊಂದು, ಇನ್ನೊಂದು ಕಡೆ ಸ್ವಲ್ಪ ದೂರ. ಅವು ದೂರ ಆಗಬೇಕಾ, ಹತ್ತಿರ ಇರಬೇಕಾ? ಮೇಲೆ ಹೋದರೆ ಒಳ್ಳೆಯದಾ, ಕೆಳಗೆ ಹೋದರೆ ಒಳ್ಳೆಯದಾ? ಯೋಗ್ಯವಲ್ಲ ಎಂದದ್ದು ಏನನ್ನು? ನಿದ್ದೆ ಬರಲಿಲ್ಲ. ಬೆಳಿಗ್ಗೆ ಫೋನ್ ಮಾಡಿದಾಗ, ಗುಳ್ಳೆ ಊದಿದ್ದ ಆ ಹುಡುಗಿಯೇ ಎತ್ತಿದಳು. ಸುಮಾರು ಮುಕ್ಕಾಲು ಗಂಟೆ ಸಮಾಧಾನವಾಗಿ ಬಿಡಿಸಿ ಹೇಳಿದಳು.

ಮಗಳು ಅವತ್ತು ಅರ್ಧದಿಂದ ಮುಷ್ಟಿ ಕಚ್ಚಲು ಶುರು ಮಾಡಿದ್ದಳು. ದವಡೆ ಅಲುಗಿದರೆ ಆ ಸ್ನಾಯುಗಳ ವಿದ್ಯುತ್ತು ಮಿದುಳಿನದಕ್ಕಿಂತ ಎಷ್ಟೋ ಜೋರು, ಅದೇ ಎಲ್ಲವನ್ನೂ ಮುಳುಗಿಸಿಬಿಡುತ್ತದೆ. ಕಣ್ಣು ಮಿಟುಕಿಸಿದರೂ ಹಾಗೇ. ಆ ತುಂಡುಗಳನ್ನೆಲ್ಲ ಕತ್ತರಿಸಿ ಎಸೆಯುತ್ತಾರೆ, ಉಳಿದದ್ದನ್ನು ಒಟ್ಟುಗೂಡಿಸಿ ಸರಾಸರಿ ತೆಗೆಯುತ್ತಾರೆ. ಒಂದೊಂದು 'ಟ'ಗೆ ಮಿದುಳು ಕೊಡುವ ಉತ್ತರ ಬೇರೆ ಸದ್ದುಗದ್ದಲದಲ್ಲಿ ಕಾಣುವುದೇ ಇಲ್ಲ, ಎಷ್ಟೋ ಸಲದ್ದನ್ನು ಸೇರಿಸಿದರೇನೇ ಆಕಾರ ಮೂಡುತ್ತದೆ. ಅವಳದ್ದು ಉಳಿದದ್ದು ಕಡಿಮೆ. ಅಂದರೆ ಭಾಗಶಃ ಯೋಗ್ಯ ಅಂದದ್ದು ದಾಖಲೆಗೆ, ಮಗುವಿಗಲ್ಲ. ಶಿಶುಗಳ ಇಇಜಿಯಲ್ಲಿ ಇದು ದಿನನಿತ್ಯದ ಮಾತಂತೆ. ಅದೂ ಅಲ್ಲದೆ, ಈ ವಯಸ್ಸಿನಲ್ಲಿ ಕೆಲವು ಮಕ್ಕಳ ಅಲೆ ಮೇಲಕ್ಕೆ ಹೋಗುತ್ತದೆ, ಕೆಲವರದ್ದು ಕೆಳಕ್ಕೆ, ವಯಸ್ಸಿನ ಜೊತೆ ಅದು ಬದಲಾಗುತ್ತದೆ, ಯಾವ ಸದ್ದು ಕೇಳಿಸಿದರು ಎನ್ನುವುದರ ಮೇಲೂ ಹೋಗುತ್ತದೆ. ಒಂದು ಮಗುವಿನ ಒಂದು ಗ್ರಾಫು ಹಿಡಿದು ಹೀಗೇ ಆಗುತ್ತದೆ ಎಂದು ಹೇಳಲು ಬರುವುದಿಲ್ಲ.

ಇದನ್ನೇ ಆ ಪತ್ರದಲ್ಲಿ ನಾಲ್ಕು ಸಾಲು ಬರೆದಿದ್ದರೆ ಏನಾಗುತ್ತಿತ್ತು? ಹೆತ್ತವರ ಕೈಗೆ ಹೋಗುವ ಕಾಗದ ಅದು. ನಾನಾದರೂ ಫೋನ್ ಮಾಡಿದೆ, ಎಷ್ಟು ಜನ ಕೇಳಲು ಸಂಕೋಚಪಟ್ಟು ಹಾಗೇ ಕೊರಗುತ್ತಾ ಇರುತ್ತಾರೋ. ಲ್ಯಾಬಿನವರಿಗೆ ಹೇಳಿದ್ದೇನೆ, ಎರಡನೇ ಸಲದ ಪತ್ರ ಸ್ವಲ್ಪ ಸುಧಾರಿಸಿತ್ತು, ಆದರೂ ಸಾಲದು.

ಮೇಲೆ ಹೇಳಿದ ಅಧ್ಯಯನಗಳದ್ದೂ ಇದೇ ಕಥೆ. ಹತ್ತಾರು ಮಕ್ಕಳ ಗುಂಪು, ಆ ಗುಂಪಿನಲ್ಲಿ ಕಾಣುವ ಒಲವು. ಗುಂಪಿನಲ್ಲಿ ನಿಜವಾದದ್ದು ಅದರೊಳಗಿನ ಒಂದೊಂದು ಮಗುವಿಗೂ ನಿಜವಾಗಬೇಕಿಲ್ಲ. ಹೀಗಿರುವಾಗ ಮನೆಯಲ್ಲೇ ತಲೆಗೊಂದು ಪಟ್ಟಿ ಕಟ್ಟಿ ಮಗುವಿನ ಮಾತಿನ ಭವಿಷ್ಯ ಹೇಳುತ್ತೇವೆ ಎನ್ನುವವರು ಸಿಕ್ಕರೆ ದೂರ ಇರಿ. ಈ ಲ್ಯಾಬಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದೇ. ನಾನು ಮೂರು ಸಲ ಬೇರೆ ಬೇರೆ ಥರ ಕೇಳಿದೆ, ಮೂರು ಸಲವೂ ನಮ್ಮ ಮಗಳ ಬಗ್ಗೆ ಭವಿಷ್ಯ ಹೇಳಲು ಅವರು ಒಪ್ಪಲಿಲ್ಲ.

ಎರಡನೇ ಭೇಟಿ, 11 ತಿಂಗಳು. ಟೋಪಿ ಬೇಗ ಮುಗಿಯಿತು, ಅದರ ಬಗ್ಗೆ ಹೊಸದೇನೂ ಇಲ್ಲ. ಆಮೇಲೆ 20 ನಿಮಿಷ ಚಾಪೆಯ ಮೇಲೆ ಆಟ, ಕ್ಯಾಮೆರಾ ಇಟ್ಟು. ಸುಮ್ನೆ ಆಟ ಅಂತ ನಾನು ಅಂದುಕೊಂಡಿದ್ದೆ. ಅವರು ನೋಡುತ್ತಿದ್ದದ್ದು ಬೇರೆ. ಮಗು ಆಟಿಕೆ ನೋಡಿ, ತಿರುಗಿ ನಮ್ಮ ಮುಖ ನೋಡಿ, ಮತ್ತೆ ಆಟಿಕೆ ನೋಡುತ್ತದಾ? ಬೆರಳು ತೋರಿಸುತ್ತದಾ? ತೋರಿಸುವುದು ಬೇಕು ಅನ್ನುವುದಕ್ಕಾ, ಇಲ್ಲಾ 'ನೋಡು' ಅನ್ನುವುದಕ್ಕಾ? ಮಾತು ಬರುವ ಮುಂಚಿನ ಮಾತು ಇದೇ. ಮಿದುಳಿನ ಅಲೆಯನ್ನು ಈ ನೋಟ, ಈ ಬೆರಳು, ಈ ತೊದಲಿನ ಪಕ್ಕ ಇಟ್ಟು ನೋಡುವುದೇ ಅವರ ಕೆಲಸ.

ಒಂದು ಕ್ಷಣ ಹೇಳಲೇಬೇಕು. ಗೋಡೆಯ ಮೇಲೆ ಗಡಿಯಾರ ಇತ್ತು. ಮಗಳು ಕೈಯಲ್ಲಿದ್ದ ಬಟ್ಟಲು ಬಿಟ್ಟು, ಗಡಿಯಾರದ ಕಡೆ ತೋರುಬೆರಳು ಚಾಚಿ 'ದ್ದಾ' ಅಂದಳು. ಆಮೇಲೆ ನನ್ನ ಕಡೆ ತಿರುಗಿ ಕಾದಳು. ನಿಜವಾಗಿ ಕಾದಳು, ಉಸಿರು ಹಿಡಿದು, ಹುಬ್ಬು ಮೇಲೆ. ನಾನು 'ಹೌದು, ಗಡಿಯಾರ' ಅಂದೆ. ಬೆರಳು ಇಳಿಸಿ ಮತ್ತೆ ಬಟ್ಟಲು ಎತ್ತಿಕೊಂಡಳು. ಮನೆಯಲ್ಲೂ ಹೀಗೆ ಮಾಡುತ್ತಿದ್ದಳೇನೋ. ನಾನು ಪಾತ್ರೆ ತೊಳೆಯುತ್ತಲೋ ಫೋನ್ ನೋಡುತ್ತಲೋ ಇದ್ದಾಗ ಎಷ್ಟು ಸಲ ಹೀಗೆ ಕಾದಿದ್ದಳೋ.

ಆ ಕಾಯುವಿಕೆಯ ಬಗ್ಗೆ ಅವರು ಹೇಳಿದ ಒಂದು ಪ್ರಯೋಗ ನನ್ನ ತಲೆಯಲ್ಲಿ ಉಳಿದಿದೆ. 2003ರಲ್ಲಿ ಮೈಕಲ್ ಗೋಲ್ಡ್‌ಸ್ಟೈನ್ ಮತ್ತು ಜೊತೆಯವರು 8 ತಿಂಗಳಿನ ಮಕ್ಕಳ ತಾಯಂದಿರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿನವರು ಮಗು ಸದ್ದು ಮಾಡಿದ ತಕ್ಷಣ ನಗಬೇಕು, ಹತ್ತಿರ ಬರಬೇಕು, ಮುಟ್ಟಬೇಕು. ಇನ್ನೊಂದು ಗುಂಪಿನವರೂ ಅಷ್ಟೇ ಸಲ ಅದನ್ನೇ ಮಾಡಬೇಕು, ಆದರೆ ಮಗುವಿನ ಸದ್ದಿಗೂ ಅದಕ್ಕೂ ಹೊಂದಿಕೆ ಇರಬಾರದು. ಪ್ರೀತಿ ಎರಡು ಕಡೆಯೂ ಒಂದೇ, ಹೊತ್ತು ಮಾತ್ರ ಬೇರೆ. ತಕ್ಷಣ ಉತ್ತರ ಸಿಕ್ಕ ಮಕ್ಕಳ ತೊದಲು ಅಲ್ಲೇ, ಆ ಹೊತ್ತಿನಲ್ಲೇ, ಹೆಚ್ಚು ಪಕ್ವವಾಯಿತು. ಮಾತು ಕಲಿಸುವ ಚೀಟಿಗಳು, ಆ್ಯಪುಗಳು ಎಂದು ನಾನು ತಲೆ ಕೆಡಿಸಿಕೊಂಡಿದ್ದೆಲ್ಲ ಇದರ ಮುಂದೆ ತುಂಬಾ ಹಿಂದೆ ಹೋಯಿತು.

ಆ್ಯಪಿನ ಮಾತು ಬಂತಲ್ಲ. ಕೂಲ್ ತಂಡದ 2003ರ ಇನ್ನೊಂದು ಅಧ್ಯಯನ ಇದೆ. ಅಮೆರಿಕದ 9 ತಿಂಗಳಿನ ಮಕ್ಕಳ ಜೊತೆ ಚೀನೀ ಮ್ಯಾಂಡರಿನ್ ಆಡುವವರು 12 ಸಲ ಕೂತು ಆಡಿದರು, ಪುಸ್ತಕ ಓದಿದರು. ಮಕ್ಕಳು ಆ ಭಾಷೆಯ ಸದ್ದುಗಳ ವ್ಯತ್ಯಾಸ ಹಿಡಿದರು. ಅದೇ ಜನ, ಅದೇ ಮಾತು, ಟಿವಿಯಲ್ಲಿ ತೋರಿಸಿದಾಗ ಏನೂ ಕಲಿಯಲಿಲ್ಲ. ಬರೀ ಧ್ವನಿ ಕೇಳಿಸಿದಾಗಲೂ ಇಲ್ಲ. ಅದನ್ನು ತಿಳಿದ ದಿನವೇ ನನ್ನ ಫೋನಿನಿಂದ ಮಗಳ ಮೂರು ಆ್ಯಪ್ ತೆಗೆದೆ.

ಒಂದು ವಿಷಯದಲ್ಲಿ ಮಾತ್ರ ಗೊಂದಲ ಮಾಡಿಕೊಳ್ಳಬೇಡಿ, ತುಂಬಾ ಮುಖ್ಯ ಇದು. ಈ ಲ್ಯಾಬಿನದ್ದು ಕಿವಿಯ ಪರೀಕ್ಷೆ ಅಲ್ಲ. ಹುಟ್ಟಿದ ಕೂಸಿನ ಕಿವಿ ಪರೀಕ್ಷೆ ಬೇರೆ, ಅದು ಆಗಲೇಬೇಕು. 1 ತಿಂಗಳೊಳಗೆ ತಪಾಸಣೆ, ಅದರಲ್ಲಿ ಪಾಸಾಗದಿದ್ದರೆ 3 ತಿಂಗಳೊಳಗೆ ಪೂರ್ತಿ ಪರೀಕ್ಷೆ, ಕೇಳಿಸುವುದಿಲ್ಲ ಎಂದು ಗೊತ್ತಾದರೆ 6 ತಿಂಗಳೊಳಗೆ ನೆರವು ಶುರು, ಇದು ಜಗತ್ತಿನ ಎಷ್ಟೋ ಕಡೆ ಪಾಲಿಸುವ ಲೆಕ್ಕ. ಮಗು ಮಲಗಿದ್ದಾಗಲೇ ಕೆಲವೇ ನಿಮಿಷದಲ್ಲಿ ಆಗುವ ತಪಾಸಣೆ ಅದು. ಸದ್ದಿಗೆ ಬೆಚ್ಚದ, ದನಿಗೆ ತಿರುಗದ, ಅಥವಾ ಶುರುವಾದ ತೊದಲು ನಿಂತೇಹೋದ ಮಗು ಇದ್ದರೆ ಇಂಥ ಲ್ಯಾಬಿನ ಸರದಿಗೆ ಕಾಯಬೇಡಿ, ನೇರ ವೈದ್ಯರ ಹತ್ತಿರ ಹೋಗಿ. ಕಾದರೆ ಸರಿ ಹೋಗುತ್ತದೆ ಎಂದು ಅಕ್ಕಪಕ್ಕದವರು ಹೇಳುತ್ತಾರೆ. ಆ ಮಾತಿಗೆ ತಿಂಗಳುಗಳನ್ನು ಕೊಡಬೇಡಿ.

18 ತಿಂಗಳಿನ ಫಾರ್ಮು ಪದಗಳ ಪಟ್ಟಿ. ಮಗುವಿಗೆ ಅರ್ಥವಾಗುತ್ತಾ, ಹೇಳುತ್ತಾ ಎಂದು ಒಂದೊಂದಕ್ಕೂ ಗುರುತು ಹಾಕಬೇಕು. ತುಂಬಲು ನನಗೆ ಎರಡು ಸಂಜೆ ಬೇಕಾಯಿತು, ಆದರೆ ಖುಷಿಯ ಕೆಲಸ, ಮಗಳಿಗೆ ಇಷ್ಟೊಂದು ಗೊತ್ತಾ ಎಂದು ಗುರುತು ಹಾಕುತ್ತಾ ಹಾಕುತ್ತಾ ಗೊತ್ತಾಗುತ್ತದೆ. ಕೊರತೆ ಅಂದರೆ ಒಂದೇ ಭಾಷೆಗೆ ಜಾಗ ಇತ್ತು. ಎರಡನೇ ಭಾಷೆಯ ಪದಗಳನ್ನು ಅಂಚಿನಲ್ಲಿ ಬರೆದೆ. 'ದ್ದಾ' ಅನ್ನುವುದನ್ನು ಎಲ್ಲಿ ಬರೆಯಬೇಕು ಎಂದು ತಿಳಿಯಲಿಲ್ಲ, ಅವಳಿಗೆ ಇನ್ನೂ ಅದು ಗಡಿಯಾರವೇ, ಅದನ್ನೂ ಅಂಚಿನಲ್ಲೇ ಬರೆದೆ.

ಹೋಗುವವರಿಗೆ: ಮಗುವಿನ ನಿದ್ದೆಯ ಹೊತ್ತು ಬಿಟ್ಟು ಬೇರೆ ಹೊತ್ತು ಕೇಳಿ ತೆಗೆದುಕೊಳ್ಳಿ. ನಾವು ಮೊದಲ ಸಲ ಅವರು ಕೊಟ್ಟ ಮಧ್ಯಾಹ್ನದ ಹೊತ್ತಿಗೇ ಹೋದೆವು, ಅರ್ಧದಲ್ಲಿ ಮುಷ್ಟಿ ಕಚ್ಚಿದ್ದು ನಿದ್ದೆಗೇ. ಕತ್ತು ಒದ್ದೆಯಾಗುವುದರಿಂದ ಇನ್ನೊಂದು ಜೊತೆ ಬಟ್ಟೆ ಇರಲಿ. ಒಪ್ಪಿಗೆ ಪತ್ರ ಪೂರ್ತಿ ಓದಿ, ವಿಡಿಯೋ ಯಾರು ನೋಡುತ್ತಾರೆ, ಎಷ್ಟು ವರ್ಷ ಇಡುತ್ತಾರೆ ಎಂದು ಕೇಳಿ. ಮಗು ಬೇಡ ಅಂದರೆ ನಿಲ್ಲಿಸಿ ಅನ್ನಲು ಹಿಂಜರಿಯಬೇಡಿ, ನಮ್ಮ ಜೊತೆಗೇ ಬಂದಿದ್ದ ಇನ್ನೊಬ್ಬರು ಟೋಪಿ ಹಾಕುವ ಮುಂಚೆಯೇ ಬೇಡ ಅಂದರು, ಯಾರೂ ಮುಖ ಗಂಟಿಕ್ಕಲಿಲ್ಲ.

24 ತಿಂಗಳಿಗೆ ಮತ್ತೆ ಕರೆದಿದ್ದಾರೆ. ಬೆಳಗಿನ 10 ಗಂಟೆಯ ಹೊತ್ತು ಕೇಳಿ ತೆಗೆದುಕೊಂಡಿದ್ದೇನೆ. ಆ ಗಡಿಯಾರ ಇನ್ನೂ ಅಲ್ಲೇ ಇರುತ್ತದಾ ಎಂದು ಆ ಹುಡುಗಿಯನ್ನು ಕೇಳಿದೆ, ಇರುತ್ತದೆ ಅಂದಳು.